ಜೋಕೇ ಇಲ್ಲದೆ ಒಟ್ಟಿಗೆ ನಕ್ಕರೆ ಸ್ನೇಹ ಬೆಳೆಯುತ್ತದಾ?

ರಾಣೆಬೆನ್ನೂರಿನಾಕೆ

ಎಲ್ಲರಿಗೂ ನಮಸ್ಕಾರ. ಅಮ್ಮ ತೀರಿಕೊಂಡ ಮೇಲೆ ಅಪ್ಪನನ್ನು ರಾಣೆಬೆನ್ನೂರಿನಿಂದ ಬೆಂಗಳೂರಿಗೆ ಕರೆದುಕೊಂಡು ಬಂದೆವು. ಊರಲ್ಲಿ ಸಂಜೆಯಾದರೆ ಅವರ ವಾರಿಗೆಯವರೆಲ್ಲ ಬೀಜ-ಗೊಬ್ಬರದ ಅಂಗಡಿಯ ಕಟ್ಟೆಗೆ ಬಂದು ಸೇರುತ್ತಿದ್ದರು. ಒಬ್ಬರ ಕಾಲು ಒಬ್ಬರು ಎಳೆದುಕೊಂಡು, ಊಟದ ಹೊತ್ತಿನವರೆಗೂ ನಗುತ್ತ ಕೂತಿರುತ್ತಿದ್ದರು. ಇಲ್ಲಿ ಲಿಫ್ಟಿನಲ್ಲಿ ಯಾರಾದರೂ ಸಿಕ್ಕರೆ ತಲೆಯಾಡಿಸುತ್ತಾರೆ, ಅಷ್ಟೇ. ಟಿವಿ ಮುಂದೆ ಕೂತ ಅಪ್ಪ ಕಾಮಿಡಿ ಬಂದರೂ ನಗುವುದಿಲ್ಲ.

ಈಚೆಗೆ ಪಕ್ಕದ ಪಾರ್ಕಿನ ನಗೆಕೂಟಕ್ಕೆ ಹೋಗಲು ಶುರು ಮಾಡಿದ್ದಾರೆ. ಒಂದು ಭಾನುವಾರ ನಾನೂ ಜೊತೆಗೆ ಹೋಗಿದ್ದೆ. ಎಲ್ಲರೂ ವೃತ್ತಾಕಾರವಾಗಿ ನಿಂತು ಚಪ್ಪಾಳೆ ತಟ್ಟುತ್ತ 'ಹೋ ಹೋ, ಹಾ ಹಾ ಹಾ' ಅನ್ನುತ್ತಾರೆ. ಯಾರೂ ಜೋಕು ಹೇಳುವುದಿಲ್ಲ. ಮೊದಲಿಗೆ ಬಲವಂತದ ನಗು, ಆಮೇಲೆ ಎಲ್ಲೋ ಒಂದು ಕಡೆ ನಿಜವಾಗಿಯೇ ನಗು ಬಂದುಬಿಡುತ್ತದೆ. ಮನೆಗೆ ಬಂದ ಅಪ್ಪನ ಮುಖ ಗೆಲುವಾಗಿತ್ತು.

ನನ್ನ ಪ್ರಶ್ನೆ ಇದು: ಹೀಗೆ ನಕ್ಕಿದ್ದರಿಂದ ಮನುಷ್ಯರು ನಿಜವಾಗಿ ಹತ್ತಿರವಾಗುತ್ತಾರಾ? ಅಥವಾ ಇದು ಆ ಹೊತ್ತಿನ ಉಲ್ಲಾಸವಷ್ಟೇನಾ? ಅಪ್ಪನಿಗೆ ಈಗ ಬೇಕಿರುವುದು ವ್ಯಾಯಾಮಕ್ಕಿಂತ ಹೆಚ್ಚಾಗಿ ಜೊತೆ. ತಿಳಿದವರು, ಅನುಭವ ಇದ್ದವರು ಹೇಳಿ.

ಮುಂಜಾನೆ ನಡಿಗೆ, ಮೈಸೂರು

ನಾನು ನಿವೃತ್ತನಾದಾಗಿನಿಂದ ನಗೆಕೂಟಕ್ಕೆ ಹೋಗುತ್ತಿದ್ದೇನೆ, ಹಾಗಾಗಿ ಇದರ ಹಿನ್ನೆಲೆ ಮೊದಲು ಹೇಳುತ್ತೇನೆ. ಶುರುವಾದದ್ದು ಮುಂಬಯಿಯಲ್ಲಿ, 1995ರ ಮಾರ್ಚ್ 13ರಂದು. ಮದನ್ ಕಟಾರಿಯಾ ಎಂಬ ವೈದ್ಯರು ಲೋಖಂಡ್‌ವಾಲಾ ಕಾಂಪ್ಲೆಕ್ಸಿನ ಪಾರ್ಕಿನಲ್ಲಿ ಬೆಳಗಿನ ವಾಕಿಂಗಿಗೆ ಬಂದವರನ್ನು ಸೇರಿಸಿ ನಗಿಸಲು ಹೊರಟರು. ಮೊದಲ ದಿನ ಇದ್ದವರು ಅವರೂ ಸೇರಿ ಐದೇ ಜನ. ಆಗ ಒಬ್ಬೊಬ್ಬರು ನಡುವೆ ಬಂದು ಜೋಕು ಹೇಳುವ ಪದ್ಧತಿ ಇತ್ತು. ಕೆಲವೇ ದಿನಗಳಲ್ಲಿ ಒಳ್ಳೆಯ ಜೋಕುಗಳೆಲ್ಲ ಮುಗಿದವು. ಹೆಂಗಸರನ್ನು ಹೀಗಳೆಯುವ, ಒಂದೊಂದು ಜನಾಂಗವನ್ನು ಅಣಕಿಸುವ ಜೋಕುಗಳು ಬರತೊಡಗಿದವು. ಕೆಲವರಿಗೆ ನೋವಾಯಿತು, ಕೂಟ ಮುಚ್ಚುವ ಮಾತೂ ಬಂತು. ಆಗ ಕಟಾರಿಯಾ ಜೋಕನ್ನೇ ತೆಗೆದುಹಾಕಿದರು. ಬರೀ ನಗೋಣ, ದೇಹಕ್ಕೆ ಸುಳ್ಳು ನಗು ನಿಜ ನಗು ಅಂತ ಭೇದವಿಲ್ಲ ಎಂದರು. ಅವರ ಪತ್ನಿ ಮಾಧುರಿ ಯೋಗ ಕಲಿಸುತ್ತಿದ್ದವರು, ಹಾಗಾಗಿ ಉಸಿರಾಟದ ಅಭ್ಯಾಸವೂ ಇದರೊಳಗೆ ಸೇರಿಕೊಂಡಿತು. ಮೇ ತಿಂಗಳ ಮೊದಲ ಭಾನುವಾರ ವಿಶ್ವ ನಗೆ ದಿನ ಆಚರಿಸುವ ರೂಢಿ ಬಂದದ್ದೂ ಅಲ್ಲಿಂದಲೇ.

ಇದರಲ್ಲಿ ನನಗೆ ಬಹಳ ಮುಖ್ಯವಾಗಿ ಕಾಣುವುದು ಜೋಕನ್ನು ಕೈಬಿಟ್ಟದ್ದು. ಜೋಕು ಇದ್ದರೆ ಯಾರೋ ಒಬ್ಬ ಹೇಳುವವನು, ಉಳಿದವರು ಕೇಳುವವರು. ಅರ್ಥವಾಗದವನು ಹೊರಗೆ ಉಳಿಯುತ್ತಾನೆ. ಜೋಕು ಇಲ್ಲದಿದ್ದರೆ ಎಲ್ಲರೂ ಸಮ. ನಮ್ಮ ಕೂಟದಲ್ಲಿ ಕನ್ನಡ ಬಾರದ ಒಬ್ಬ ಮಾರ್ವಾಡಿ ಅಜ್ಜಿ ಇದ್ದಾರೆ, ಕಿವಿ ಮಂದವಾದ ಒಬ್ಬ ನಿವೃತ್ತ ಇಂಜಿನಿಯರ್ ಇದ್ದಾರೆ. ನಮಸ್ತೆ ನಗೆ ಮಾಡುವಾಗ ಕೈಮುಗಿದು ಒಬ್ಬೊಬ್ಬರ ಕಣ್ಣು ನೋಡಿ ನಗಬೇಕು. ಆ ಇಬ್ಬರೂ ಅದರಲ್ಲಿ ಯಾರಿಗೂ ಕಡಿಮೆಯಿಲ್ಲ.

ಪಾಠದ ಮನೆ

ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತೇನೆ. 'ಜೋಕಿಲ್ಲದೆ' ಎಂದು ನೀವು ಆಶ್ಚರ್ಯಪಟ್ಟಿದ್ದೀರಲ್ಲ, ದಿನನಿತ್ಯದ ನಗುವೆಲ್ಲ ಹೆಚ್ಚುಕಡಿಮೆ ಹಾಗೆಯೇ ಇರುವುದು.

ಅಮೆರಿಕದ ಮೇರಿಲ್ಯಾಂಡಿನಲ್ಲಿದ್ದ ರಾಬರ್ಟ್ ಪ್ರೊವೈನ್ ಎಂಬ ವಿಜ್ಞಾನಿ ಪ್ರಯೋಗಾಲಯ ಬಿಟ್ಟು ಮಾಲು, ರಸ್ತೆ, ಕ್ಯಾಂಪಸ್ಸುಗಳಲ್ಲಿ ಜನ ಮಾತಾಡುವುದನ್ನು ಕೇಳಿಸಿಕೊಂಡು ಯಾವ ಮಾತಿನ ಬೆನ್ನಿಗೆ ನಗು ಬಂತು ಅಂತ ಬರೆದಿಟ್ಟರು. ಹೀಗೆ ಸೇರಿದ್ದು ಸುಮಾರು 1,200 ಪ್ರಸಂಗಗಳು. ಅವುಗಳಲ್ಲಿ ತಮಾಷೆ ಅನ್ನಬಹುದಾದ ಮಾತಿಗೆ ಬಂದ ನಗು ಶೇ 10ರಿಂದ 20 ಮಾತ್ರ. ಉಳಿದದ್ದೆಲ್ಲ 'ಸರಿ, ಮತ್ತೆ ಸಿಗೋಣ', 'ನೋಡು, ಅವನು ಬಂದ' ಎಂಬಂಥ ಸಪ್ಪೆ ಮಾತಿಗೆ. ಕೇಳುವವರಿಗಿಂತ ಮಾತಾಡುವವರೇ ಹೆಚ್ಚು ನಗುತ್ತಿದ್ದರು. ಒಬ್ಬರೇ ಇದ್ದಾಗ ನಗುವುದಕ್ಕಿಂತ ಇನ್ನೊಬ್ಬರ ಜೊತೆ ಇದ್ದಾಗ ನಾವು ಮೂವತ್ತು ಪಟ್ಟು ಹೆಚ್ಚು ನಗುತ್ತೇವೆ ಎಂದೂ ಅವರು ಕಂಡುಕೊಂಡರು. ನಿಮ್ಮ ತಂದೆಯವರು ಟಿವಿ ಮುಂದೆ ನಗದಿರುವುದಕ್ಕೆ ದುಃಖ ಒಂದೇ ಕಾರಣವಿರಲಾರದು. ಪಕ್ಕದಲ್ಲಿ ನಗುವವರು ಯಾರೂ ಇಲ್ಲವಲ್ಲ.

ಇನ್ನು ಹತ್ತಿರವಾಗುವ ವಿಷಯ. ಆಕ್ಸ್‌ಫರ್ಡಿನ ರಾಬಿನ್ ಡನ್‌ಬಾರ್ ಕೋತಿಗಳ ಬಗ್ಗೆ ಬಹಳ ಕೆಲಸ ಮಾಡಿದವರು. ಮಂಗಗಳು ಒಂದರ ಮೈಯ ಹೇನು ಇನ್ನೊಂದು ಹೆಕ್ಕುತ್ತ ಗಂಟೆಗಟ್ಟಲೆ ಕೂರುವುದನ್ನು ನೋಡಿರುತ್ತೀರಿ. ಅದು ಸ್ವಚ್ಛತೆಗಷ್ಟೇ ಅಲ್ಲ, ಅವುಗಳ ಸ್ನೇಹ ಉಳಿಯುವುದೇ ಅದರಿಂದ. ಹಾಗೆ ನೇವರಿಸಿಕೊಂಡಾಗ ಮಿದುಳಿನಲ್ಲಿ ಎಂಡಾರ್ಫಿನ್ ಎಂಬ, ನೋವು ಮರೆಸುವ ರಾಸಾಯನಿಕ ಒಸರುತ್ತದೆ. ಆದರೆ ಒಂದು ಸಲಕ್ಕೆ ಒಬ್ಬರನ್ನು ಮಾತ್ರ ನೇವರಿಸಬಹುದು. ಗುಂಪು ದೊಡ್ಡದಾದ ಮನುಷ್ಯನಿಗೆ ಅಷ್ಟು ಪುರಸೊತ್ತು ಎಲ್ಲಿದೆ? ಮುಟ್ಟದೆಯೇ, ಒಂದೇ ಸಲಕ್ಕೆ ಹಲವರ ಜೊತೆ ಅದೇ ಕೆಲಸ ಮಾಡುವುದು ನಗು ಎಂಬುದು ಅವರ ವಾದ. ಇದನ್ನು ಪರೀಕ್ಷಿಸಲು ಜನರನ್ನು ಗುಂಪಾಗಿ ಕೂರಿಸಿ ಹಾಸ್ಯದ ದೃಶ್ಯ ತೋರಿಸಿದರು. ಮೊದಲು ಮತ್ತು ಆಮೇಲೆ ತೋಳಿಗೆ ಕೊರೆಯುವ ಮಂಜಿನ ಪಟ್ಟಿ ಸುತ್ತಿ ಎಷ್ಟು ಹೊತ್ತು ತಡೆದುಕೊಳ್ಳುತ್ತಾರೆ ಅಂತ ನೋಡಿದರು. ಮನಸಾರೆ ನಕ್ಕವರು ಹೆಚ್ಚು ಹೊತ್ತು ತಡೆದುಕೊಂಡರು. ನಗು ಬಾರದ ದೃಶ್ಯ ನೋಡಿದವರಲ್ಲಿ ಆ ಬದಲಾವಣೆ ಕಾಣಲಿಲ್ಲ. 2017ರಲ್ಲಿ ಫಿನ್‌ಲ್ಯಾಂಡಿನ ತುರ್ಕು ನಗರದ ಸಂಶೋಧಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗೆಳೆಯರ ಜೊತೆ ಅರ್ಧ ಗಂಟೆ ನಕ್ಕು ಬಂದವರ ಮಿದುಳನ್ನು ಪೆಟ್ ಸ್ಕ್ಯಾನ್ ಮಾಡಿ ನೋಡಿದರು. ನೋವು ಮರೆಸುವ ಆ ರಾಸಾಯನಿಕ ಬಿಡುಗಡೆಯಾಗಿದ್ದು ಕಂಡಿತು. ಅಲ್ಲಿ ಪಾಲ್ಗೊಂಡವರು 12 ಜನ, ಎಲ್ಲರೂ ಗಂಡಸರು. ಸಣ್ಣ ಅಧ್ಯಯನ ಅನ್ನುವುದನ್ನು ಮರೆಯಬಾರದು.

ಹೊಸಬ

ಆಫ್ರಿಕಾದಲ್ಲಿ ಒಂದು ಶಾಲೆಯ ಹುಡುಗಿಯರು ಒಂದು ಜೋಕಿಗೆ ತಿಂಗಳುಗಟ್ಟಲೆ ನಗುತ್ತಲೇ ಇದ್ದರಂತಲ್ಲ. ನಗು ಎಷ್ಟು ಬೇಗ ಹಬ್ಬುತ್ತದೆ ಅನ್ನುವುದಕ್ಕೆ ಅದೇ ಸಾಕ್ಷಿ ಅಲ್ಲವಾ?

ಪಾಠದ ಮನೆ

ಆ ಕತೆ ಇಂಟರ್ನೆಟ್ಟಿನಲ್ಲಿ ತಿರುಗುತ್ತಿರುವ ರೂಪ ಸರಿಯಿಲ್ಲ. ಅದು ಈಗಿನ ಟಾಂಜಾನಿಯಾದ ಕಶಾಶಾ ಎಂಬ ಹಳ್ಳಿಯ ಮಿಷನ್ ವಸತಿಶಾಲೆ. 1962ರ ಜನವರಿ 30ರಂದು ಮೂವರು ಹುಡುಗಿಯರಲ್ಲಿ ಶುರುವಾಗಿ, 159 ವಿದ್ಯಾರ್ಥಿನಿಯರ ಪೈಕಿ 95 ಮಂದಿಗೆ ಹಬ್ಬಿತು. ಮಾರ್ಚ್ 18ಕ್ಕೆ ಶಾಲೆ ಮುಚ್ಚಬೇಕಾಯಿತು. ಆದರೆ ಅದು ಸಂತೋಷದ ನಗು ಅಲ್ಲವೇ ಅಲ್ಲ. ನಗು, ಅಳು, ಚಡಪಡಿಕೆ ಎಲ್ಲ ಬಿಟ್ಟು ಬಿಟ್ಟು ಬರುತ್ತಿದ್ದವು, ಮಕ್ಕಳು ಹೆದರಿದ್ದರು. ಒತ್ತಡ ಸಾಮೂಹಿಕವಾಗಿ ಹೀಗೆ ಹೊರಬಂತು ಎಂದೇ ಅದನ್ನು ಅರ್ಥಮಾಡಿಕೊಂಡಿದ್ದಾರೆ. ಆ ಮಕ್ಕಳ ಸಂಕಟವನ್ನು ತಮಾಷೆಯ ಕತೆಯಾಗಿ ಹೇಳಬಾರದು ಅನ್ನಿಸುತ್ತದೆ ನನಗೆ.

ಧಾರವಾಡದಾಕಿ

ವಿಜ್ಞಾನ ಛಲೋ ಆತ್ರಿ. ನಾ ನಮ್ಮ ಮನಿ ಮಾತು ಹೇಳ್ತೀನಿ. ನಮ್ಮ ಕಡೆ ಯಾರು ಯಾರಿಗೆ ಚ್ಯಾಷ್ಟಿ ಮಾಡಬೇಕು ಅನ್ನೋದು ಹುಟ್ಟಿದಾಗನ ನಿಕ್ಕಿ ಆಗಿರತೈತಿ. ಸೋದರಮಾವನ ಮಕ್ಕಳು, ಅತ್ತಿ ಮಕ್ಕಳು, ಭಾವ-ಮೈದುನ, ಅತ್ತಿಗಿ-ನಾದಿನಿ, ಅಜ್ಜ-ಮೊಮ್ಮಕ್ಕಳು. ಇವರೊಳಗ ಏನಂದ್ರೂ ನಡೀತೈತಿ. ಅದ ಮಾತು ಸೊಸಿ ಮಾವಗ ಅಂದ್ರ ಮನಿ ಮುರೀತೈತಿ. ಮಾವ ಬಂದ್ರ ಆಕಿ ಸೆರಗು ಸರಿಮಾಡಿಕೊಂಡು ಒಳಗ ಹೋಗಬೇಕು, ಹಂಗಿತ್ತು ಪದ್ಧತಿ.

ಮದುವಿ ನೋಡ್ರಿ. ಎರಡು ಮನಿ ಮಂದಿ ಒಬ್ಬರಿಗೊಬ್ಬರು ಗುರುತಿಲ್ಲ. ಕೊಡೋದು ತಗೊಳ್ಳೋದರಾಗ ಒಳಗೊಳಗ ಸಿಟ್ಟೂ ಇರತೈತಿ. ಅಂಥಾದರಾಗ ಹೆಣ್ಣಿನ ಕಡೆ ಹೆಂಗಸರು ಕುಂತು ಬೀಗರ ಹಾಡು ಹೇಳ್ತಾರ. ಬೀಗತಿ ಮೂಗು ಹಂಗ, ಬೀಗರ ಹೊಟ್ಟಿ ಹಿಂಗ, ಊಟಕ್ಕ ಕುಂತ್ರ ಏಳೂದಿಲ್ಲ ಅಂತ ಎದುರಾ-ಎದುರ ಬೈಯೋದು. ಉಲ್ಟಾ ಆ ಕಡೆಯವರೂ ಸುಮ್ಮ ಕೂಡೂದಿಲ್ಲ, ತಿರುಗಿ ಹಾಡ್ತಾರ. ಉರುಟಣಿ ಹೊತ್ತಿಗೆ ಗಂಡ-ಹೆಂಡತಿ ಕಡೆ ಹೆಸರು ಹೇಳಸ್ತಾರ, ಒಡಪು ಹಾಕಿ ಹೇಳಬೇಕು. ಗಂಡನ ಹೆಸರು ಬಾಯಿಗೆ ತರಬಾರದು ಅಂದವರ ಅವತ್ತು ಜಬರದಸ್ತಿ ಮಾಡಿ ಹೇಳಸ್ತಾರ. ಮನಿ ತುಂಬ ನಗಿ. ಆ ನಗಿ ಮುಗಿಯೂದರೊಳಗ ಎರಡೂ ಮನಿಯವರಿಗೆ ಒಬ್ಬರಿಗೊಬ್ಬರ ಹೆಸರು ಬಾಯಿಗೆ ಬಂದಿರತಾವು. ನನ್ನ ನಾದಿನಿ ನನ್ನ ಜೋಡಿ ಮೊದಲನೇ ಸಲ ಮಾತಾಡಿದ್ದ ನನ್ನ ರೊಟ್ಟಿ ನೋಡಿ ನಕ್ಕು. ನಾನೂ ಆಕಿ ಹಾಡಿಗೆ ನಕ್ಕೆ. ಇವತ್ತಿಗೂ ನನಗ ಆಕಿಗಿಂತ ಹತ್ತಿರದಾಕಿ ಇಲ್ಲ.

ಪಾಠದ ಮನೆ

ಧಾರವಾಡದ ಅಕ್ಕ ಹೇಳಿದ್ದನ್ನು ಮಾನವಶಾಸ್ತ್ರಜ್ಞರು ಬಹಳ ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಎ.ಆರ್. ರ‍್ಯಾಡ್‌ಕ್ಲಿಫ್-ಬ್ರೌನ್ 1940ರಲ್ಲಿ ಇದರ ಮೇಲೇ ಒಂದು ಪ್ರಬಂಧ ಬರೆದರು. ಮದುವೆಯಿಂದ ಕೂಡಿದ ಎರಡು ಕುಟುಂಬಗಳಲ್ಲಿ ನಂಟೂ ಇರುತ್ತದೆ, ಜಗಳಕ್ಕೆ ಕಾರಣವೂ ಇರುತ್ತದೆ. ಅದನ್ನು ನಿಭಾಯಿಸಲು ಎರಡು ದಾರಿ. ಒಂದು, ಸೊಸೆ ಮಾವನೆದುರು ಮಾಡುವಂತೆ ತೀರಾ ಮರ್ಯಾದೆಯಿಂದ ದೂರವಿರುವುದು. ಇನ್ನೊಂದು, ಸಿಟ್ಟು ಮಾಡಿಕೊಳ್ಳಬಾರದು ಎಂಬ ಕರಾರಿನ ಮೇಲೆ ಕಿಚಾಯಿಸುವುದು. ಪಶ್ಚಿಮ ಆಫ್ರಿಕಾದ ಮಾಲಿಯಲ್ಲಿ ಇದು ಮನೆತನದ ಹೆಸರುಗಳ ನಡುವೆಯೇ ನಡೆಯುತ್ತದೆ. ಕೇಯ್ಟಾ ಮನೆತನದವನು ಕೂಲಿಬಾಲಿ ಮನೆತನದವನನ್ನು ಕಂಡರೆ, ಮುಖಪರಿಚಯವಿಲ್ಲದಿದ್ದರೂ, 'ನೀನು ಅವರೆಕಾಳು ತಿನ್ನುವವನು' ಎಂಬ ಧಾಟಿಯಲ್ಲಿ ಶುರು ಮಾಡಬಹುದು. ನೈಜರ್ ದೇಶದ ಇಂಥದೇ ಪದ್ಧತಿಯನ್ನು ಯುನೆಸ್ಕೋ 2014ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಕಲಬುರಗಿ ಬಿಸಿಲು

ಎಲ್ಲರೂ ನಗುವಿನ ಒಳ್ಳೆಯ ಮುಖವನ್ನೇ ಹೇಳುತ್ತಿದ್ದೀರಿ. ಇನ್ನೊಂದು ಮುಖವನ್ನು ನಾನು ಹೇಳಲೇಬೇಕು.

ಬೆಂಗಳೂರಿನ ಒಂದು ಆಫೀಸಿಗೆ ಸೇರಿದಾಗ ನನ್ನ ಮಾತೇ ಊಟದ ಮೇಜಿನ ಮನರಂಜನೆಯಾಯಿತು. ನಾನು 'ಹೋಗ್ಲತ್ತೀನಿ' ಅಂದರೆ ಒಬ್ಬ ಅದನ್ನು ಎಳೆದು ಹೇಳುವನು, ಎಲ್ಲರೂ ನಗುವರು. 'ತಮಾಷೆಗೆ ಕಣೋ, ನಿನ್ನ ಭಾಷೆ ಕ್ಯೂಟ್ ಆಗಿದೆ' ಅನ್ನುತ್ತಿದ್ದರು. ಅವರ ಮನಸ್ಸಿನಲ್ಲಿ ಕೆಟ್ಟದ್ದು ಇತ್ತು ಅಂತ ನಾನು ಹೇಳುವುದಿಲ್ಲ. ಆದರೆ ನಾನು ಕನ್ನಡದಲ್ಲಿ ಮಾತಾಡುವುದನ್ನೇ ನಿಲ್ಲಿಸಿ ಇಂಗ್ಲಿಷಿಗೆ ಹೋದೆ. ಅವರೆಲ್ಲ ಒಟ್ಟಿಗೆ ನಕ್ಕು ಒಂದಾದರು, ನಿಜ. ಒಂದಾದದ್ದು ನನ್ನನ್ನು ಹೊರಗಿಟ್ಟು. ಎಂಡಾರ್ಫಿನ್ ಆ ಮೇಜಿನಲ್ಲೂ ಒಸರಿರಬೇಕು. ಜಾತಿಯ ಮೇಲೆ, ಮೈಬಣ್ಣದ ಮೇಲೆ, ಮಾತು ತೊದಲುವವರ ಮೇಲೆ ಮಾಡುವ ತಮಾಷೆಗೂ ಇದೇ ಮಾತು ಅನ್ವಯಿಸುತ್ತದೆ. ಗುಂಪು ಗಟ್ಟಿಯಾಗುತ್ತದೆ, ಒಬ್ಬ ಮುರಿಯುತ್ತಾನೆ.

ಧಾರವಾಡದಾಕಿ

ತಮ್ಮಾ, ಓದಿ ಭಾಳ ಕೆಟ್ಟ ಅನಿಸ್ತು. ನೀ ಹೇಳಿದ್ದು ಖರೇ ಐತಿ. ಆದ್ರ ಅದು ಚ್ಯಾಷ್ಟಿ ಅಲ್ಲ, ಅದು ಹಂಗಿಸೂದು. ಬೀಗರ ಹಾಡಿನ್ಯಾಗ ನಾ ಅಂದ್ರ ಬೀಗತಿ ತಿರುಗಿ ಅಂತಾಳ, ಅನ್ನೂದು ಆಕಿ ಹಕ್ಕು. ಆಕಿ ಅಂದಿದ್ದು ನನ್ನಕಿಂತ ಛಲೋ ಇದ್ರ ನಮ್ಮ ಕಡೆಯವರ ಆಕಿಗೆ ಶಭಾಷ್ ಅಂತಾರ. ಆ ಮೇಜಿನ್ಯಾಗ ನೀ ತಿರುಗಿ ಅವರ ಮಾತಿನ ಧಾಟಿ ಎಳದಿದ್ರ ಅವರು ನಗತಿದ್ರೇನು? ತಿರುಗಿ ಅನ್ನಾಕ ಬರದಂಗ ಮಾಡಿ ನಕ್ಕ ನಗಿ ಯಾವ ನಂಟೂ ಕಟ್ಟೂದಿಲ್ಲ. ನಮ್ಮ ಹಳ್ಳ್ಯಾಗೂ ತಿರುಗಿ ಅನ್ನೂ ಹಕ್ಕು ಎಲ್ಲಾರಿಗೂ ಇರಲಿಲ್ಲ, ಅದನ್ನೂ ಒಪ್ಕೋಬೇಕು. ಗೌಡರ ಮನಿ ಮುಂದ ಕೆಲಸದವರನ್ನ ಅಂದು ನಗತಿದ್ರು. ಅವರು ತಿರುಗಿ ಏನ ಅಂದಾರು?

ಕಲಬುರಗಿ ಬಿಸಿಲು

ಅಕ್ಕಾ, ನೀವು ಅಂದದ್ದು ನನಗೆ ನಾಟಿತು. ತಿರುಗಿ ಅನ್ನುವ ಹಕ್ಕು ಇದೆಯೋ ಇಲ್ಲವೋ ಎಂದು ನೋಡಿದರೆ ಸಾಕು, ಅದು ಯಾವ ನಗು ಅಂತ ಗೊತ್ತಾಗುತ್ತದೆ. ಈಗಿನ ಟೀಮಿನಲ್ಲಿ ಒಬ್ಬ ಮಂಡ್ಯದವನಿದ್ದಾನೆ. ಅವನು ನನ್ನ ಮಾತು ಎಳೆದರೆ ನಾನು ಅವನ 'ಹಾ' ಬದಲು ಬರುವ 'ಆ'ಕಾರ ಎತ್ತುತ್ತೇನೆ. ಇಬ್ಬರೂ ಬಿದ್ದು ಬಿದ್ದು ನಗುತ್ತೇವೆ. ಅವನ ಜೊತೆ ನಾನು ಕಲಬುರಗಿ ಕನ್ನಡದಲ್ಲೇ ಮಾತಾಡುತ್ತೇನೆ.

ಕುಂದಾಪುರದ ಕಡಲು

ನಮ್ಮಲ್ಲಿ ಯಕ್ಷಗಾನದ ಹಾಸ್ಯಗಾರರದ್ದು ಒಂದು ವಿಷಯ ಹೇಳಬೇಕು ಮಾರಾಯ್ರೆ. ಇಡೀ ರಾತ್ರಿಯ ಆಟದಲ್ಲಿ ಎರಡು ಗಂಟೆ ದಾಟಿತು ಅಂದರೆ ಗದ್ದೆಯಲ್ಲಿ ಕೂತವರಿಗೆಲ್ಲ ತೂಕಡಿಕೆ. ಆಗ ದೂತನೋ, ಬ್ರಾಹ್ಮಣನೋ, ಮುದುಕಿಯೋ ಆಗಿ ಹಾಸ್ಯಗಾರ ರಂಗಕ್ಕೆ ಬರುತ್ತಾನೆ. ಮೊದಲು ನಗುವುದು ಎದುರು ಸಾಲಿನ ಮಕ್ಕಳು. ಆಮೇಲೆ ಹಿಂದಿನ ಸಾಲು, ಕೊನೆಗೆ ಚರುಮುರಿ ಅಂಗಡಿ ಹತ್ತಿರ ನಿಂತವರು. ಹಿಂದಿದ್ದವರಿಗೆ ಅವನು ಏನಂದ ಅಂತ ಕೇಳಿಸಿಯೇ ಇರುವುದಿಲ್ಲ. ಆದರೂ ನಗುತ್ತಾರೆ. ಪಕ್ಕದಲ್ಲಿ ಕೂತ ಗುರುತಿಲ್ಲದವರ ಜೊತೆ 'ಏನಂತೆ?' ಅಂತ ಮಾತು ಶುರುವಾಗುತ್ತದೆ, ಅಲ್ಲಿಂದ ಯಾವ ಊರು, ಯಾರ ಪೈಕಿ ಅಂತ ಮುಂದುವರಿಯುತ್ತದೆ.

ಲಾಕ್‌ಡೌನ್ ಹೊತ್ತಿಗೆ ಅದೇ ಪ್ರಸಂಗ, ಅದೇ ಕಲಾವಿದರ ಆಟವನ್ನು ಮೊಬೈಲಿನಲ್ಲಿ ನೋಡಿದೆ. ಸಭಿಕರಿಲ್ಲ. ಮಾತು ಹೇಳಿ ಹಾಸ್ಯಗಾರ ಒಂದು ಕ್ಷಣ ಬಿಟ್ಟ, ಆ ಜಾಗದಲ್ಲಿ ನಗು ಬರಬೇಕಿತ್ತು. ಬರಲಿಲ್ಲ. ನನಗೂ ನಗು ಬರಲಿಲ್ಲ. ಮೂವತ್ತು ಪಟ್ಟು ಅಂತ ಮೇಷ್ಟ್ರು ಮೇಲೆ ಬರೆದದ್ದು ನೋಡಿ ಆ ರಾತ್ರಿಯೇ ನೆನಪಾಯ್ತು.

ಮ್ಯೂನಿಕ್ ಕನ್ನಡತಿ

ಪರದೇಶದಲ್ಲಿರುವವರಿಗೆ ನಗು ಎಷ್ಟು ದೊಡ್ಡ ವಿಷಯ ಅನ್ನುವುದು ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು. ಜರ್ಮನ್ ಕಲಿತು ಕೆಲಸ ನಡೆಸುವುದು ಸಾಧ್ಯವಾದರೂ ಮೀಟಿಂಗಿನಲ್ಲಿ ಎಲ್ಲರೂ ನಕ್ಕಾಗ ನನ್ನ ನಗು ಸ್ವಲ್ಪ ತಡವಾಗಿ ಬರುತ್ತಿತ್ತು. ನನಗೆ ಅರ್ಥವಾಗಿಲ್ಲ ಅನ್ನುವುದು ಅವರಿಗೆ ಅಷ್ಟರಲ್ಲೇ ತಿಳಿಯುತ್ತಿತ್ತು. ಗ್ರೆಗ್ ಬ್ರಯಂಟ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನ ಓದಿದಾಗ ಇದು ನನ್ನೊಬ್ಬಳ ಭ್ರಮೆಯಲ್ಲ ಅನ್ನಿಸಿತು. ಇಬ್ಬರು ಒಟ್ಟಿಗೆ ನಗುವ ಒಂದೇ ಸೆಕೆಂಡಿನ ಧ್ವನಿಯನ್ನು 24 ಸಮಾಜಗಳ ಜನರಿಗೆ ಕೇಳಿಸಿದರು. ನಗುತ್ತಿರುವವರು ಸ್ನೇಹಿತರೋ ಅಪರಿಚಿತರೋ ಎಂದು ಕೇಳಿದರೆ ಸುಮಾರು ಶೇ 60ರಷ್ಟು ಸಲ ಸರಿಯಾಗಿ ಹೇಳಿದರು. ಭಾಷೆ ಗೊತ್ತಿರಬೇಕಾದ್ದೇ ಇಲ್ಲ.

ಹಾಗಂತ ಭಾಷೆ ಬಾರದವರಿಗೆ ಬಾಗಿಲು ಮುಚ್ಚಿಯೇ ಇರುವುದಿಲ್ಲ. ಕೆಳಗಿನ ಮನೆಯ ಅಜ್ಜಿಯ ಚೀಲ ಹರಿದು ಆಲೂಗಡ್ಡೆಗಳೆಲ್ಲ ಮೆಟ್ಟಿಲಿನ ಮೇಲೆ ಉರುಳುತ್ತ ಹೋದವು. ನಾವಿಬ್ಬರೂ ಒಂದೊಂದನ್ನೇ ಹಿಡಿಯುತ್ತ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಅದಕ್ಕೆ ಮೊದಲು ಬರೀ ನಮಸ್ಕಾರವಿತ್ತು. ಈಗ ಅವರು ನನ್ನ ಮಗಳಿಗೆ ಅಜ್ಜಿ.

ಹಗಲಿರುಳು ಪಾಳಿ

ಉಪಶಾಮಕ ಆರೈಕೆಯ, ಅಂದರೆ ಗಂಭೀರ ಕಾಯಿಲೆಯವರ ನೋವು ತಗ್ಗಿಸಿ ನೋಡಿಕೊಳ್ಳುವ ವಾರ್ಡಿನಲ್ಲಿ ನರ್ಸ್ ಆಗಿದ್ದೇನೆ. ರಾಣೆಬೆನ್ನೂರಿನ ತಂಗಿ ಅಮ್ಮನನ್ನು ಕಳೆದುಕೊಂಡದ್ದು ಬರೆದಿದ್ದಾರೆ, ಅದಕ್ಕಾಗಿ ಒಂದು ಮಾತು. ಸಾವಿನ ಮನೆಯಲ್ಲಿ ನಗು ಬಂದರೆ ಜನ ತಪ್ಪಿತಸ್ಥರಂತೆ ಬಾಯಿ ಮುಚ್ಚಿಕೊಳ್ಳುತ್ತಾರೆ. ವೈಕುಂಠ ಸಮಾರಾಧನೆಯ ಊಟಕ್ಕೆ ಕೂತಾಗ ತೀರಿಹೋದವರ ಹಟ, ಅವರ ಬೈಗುಳ, ಅವರು ಬಸ್ ತಪ್ಪಿಸಿಕೊಂಡ ಕತೆ ಎಲ್ಲ ಬಂದು ಮನೆಯವರು ಕಣ್ಣೀರಿನ ಜೊತೆಗೇ ನಗುವುದನ್ನು ನೀವೂ ನೋಡಿರುತ್ತೀರಿ. ಡ್ಯಾಕರ್ ಕೆಲ್ಟ್‌ನರ್ ಮತ್ತು ಜಾರ್ಜ್ ಬೊನ್ಯಾನೊ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಾಳಸಂಗಾತಿಯನ್ನು ಕಳೆದುಕೊಂಡು ಸುಮಾರು ಆರು ತಿಂಗಳಾದವರನ್ನು ಅವರ ಬಗ್ಗೆಯೇ ಮಾತಾಡಿಸಿದ್ದರು. ಆ ಮಾತಿನ ನಡುವೆ ಕಣ್ಣಂಚು ಸುಕ್ಕಾಗುವಷ್ಟು ಮನಸಾರೆ ನಕ್ಕವರಲ್ಲಿ ಸಂಕಟ ಕಡಿಮೆ ಇತ್ತು, ಉಳಿದವರೊಂದಿಗಿನ ಸಂಬಂಧವೂ ಚೆನ್ನಾಗಿತ್ತು. ನಿಮ್ಮ ಅಪ್ಪನ ಜೊತೆ ಅಮ್ಮನ ಬಗ್ಗೆ ನಗು ಬರುವ ಸಂಗತಿಗಳನ್ನೂ ಮಾತಾಡಿ. ಅದರಿಂದ ಅವರಿಗೆ ಅಗೌರವವಾಗುವುದಿಲ್ಲ.

ರಾಣೆಬೆನ್ನೂರಿನಾಕೆ

ಎಲ್ಲರೂ ಇಷ್ಟು ಮನಸ್ಸಿಟ್ಟು ಬರೆದಿದ್ದೀರಿ, ಒಂದೊಂದನ್ನೂ ಅಪ್ಪನಿಗೆ ಓದಿ ಹೇಳಿದೆ. ಅಕ್ಕನ ಬೀಗರ ಹಾಡಿನ ಮಾತು ಬಂದಾಗ, ತಮ್ಮ ಮದುವೆಯಲ್ಲಿ ಅಮ್ಮನ ಕಡೆಯವರು ಅಪ್ಪನ ಮೀಸೆಯ ಮೇಲೆ ಹಾಡಿದ್ದನ್ನು ಅವರೇ ಹೇಳಿದರು. ನನಗೆ ಅದು ಗೊತ್ತೇ ಇರಲಿಲ್ಲ. ಇನ್ನೆರಡು ವಿಷಯ ಕೇಳಬೇಕಿತ್ತು. ಕೂಟದಲ್ಲಿ ಮೂವತ್ತು ನಲವತ್ತು ಜನ ಇರುತ್ತಾರೆ, ಅಷ್ಟು ಜನರಲ್ಲಿ ಆಪ್ತತೆ ಹೇಗೆ ಬರುತ್ತದೆ? ಮತ್ತೆ, ಅಪ್ಪನಿಗೆ ಹಿಂದೆ ಹರ್ನಿಯಾ ಇತ್ತು, ಜೋರಾಗಿ ನಗುವುದರಿಂದ ತೊಂದರೆ ಇದೆಯಾ?

ಪಾಠದ ಮನೆ

ಮೊದಲನೆಯದಕ್ಕೆ ನನ್ನ ಉತ್ತರ. ಸಹಜವಾಗಿ ಜನ ಕೂಡಿ ನಗುವ ಗುಂಪುಗಳನ್ನು ಡನ್‌ಬಾರ್ ಮತ್ತು ಸಂಗಡಿಗರು ಗಮನಿಸಿದಾಗ, ಒಟ್ಟಿಗೆ ನಗುವವರು ಸಾಮಾನ್ಯವಾಗಿ ಮೂವರ ಆಸುಪಾಸು ಎಂದು ಕಂಡಿತು. ಮಾತುಕತೆಯ ಗುಂಪೇ ನಾಲ್ಕು ಜನ ದಾಟಿದರೆ ಒಡೆದುಹೋಗುತ್ತದೆ, ನಗುವಿನ ಗುಂಪು ಅದಕ್ಕಿಂತ ಚಿಕ್ಕದು. ಇನ್ನೊಂದು ಪ್ರಯೋಗದಲ್ಲಿ ಪರಸ್ಪರ ಗುರುತಿಲ್ಲದವರನ್ನು ನಾಲ್ಕು ನಾಲ್ಕು ಜನರಂತೆ ಕೂರಿಸಿ ವಿಡಿಯೊ ತೋರಿಸಿ, ಆಮೇಲೆ ತಮ್ಮ ಬಗ್ಗೆ ಬರೆಯಲು ಹೇಳಿದರು. ನಕ್ಕವರು ಹೆಚ್ಚು ಖಾಸಗಿ ವಿಷಯ ಬರೆದಿದ್ದರು, ತಾವು ಹಾಗೆ ಬರೆದದ್ದು ಅವರ ಅರಿವಿಗೇ ಬಂದಿರಲಿಲ್ಲ. ಹಾಗಾಗಿ ನಲವತ್ತು ಜನರ 'ಹೋ ಹೋ' ಮನಸ್ಸನ್ನು ಸಡಿಲಿಸುತ್ತದೆ, ನಂಟು ಬೆಳೆಯುವುದು ಅದಾದ ಮೇಲೆ ಮೂರ್ನಾಲ್ಕು ಜನ ಟೀ ಕುಡಿಯಲು ನಿಂತಾಗ. ಅಪ್ಪ ನಗೆಕೂಟ ಮುಗಿದ ಕೂಡಲೇ ಮನೆಗೆ ಬಾರದಂತೆ ನೋಡಿಕೊಳ್ಳಿ. ತಿಂಡಿಗೆ ತಡವಾದರೂ ಪರವಾಗಿಲ್ಲ.

ಮುಂಜಾನೆ ನಡಿಗೆ, ಮೈಸೂರು

ಹರ್ನಿಯಾ ವಿಷಯದಲ್ಲಿ ಎಚ್ಚರ ಬೇಕಮ್ಮಾ. ಹೊಟ್ಟೆಯ ಮೇಲೆ ಒತ್ತಡ ಬೀಳುವುದರಿಂದ ಹರ್ನಿಯಾ, ಜಾಸ್ತಿಯಾದ ಮೂಲವ್ಯಾಧಿ, ಹತೋಟಿಯಲ್ಲಿಲ್ಲದ ಬಿಪಿ, ಮೂರ್ಛೆರೋಗ ಇರುವವರಿಗೆ, ಈಚೆಗೆ ಆಪರೇಷನ್ ಆದವರಿಗೆ ಜೋರು ನಗೆ ಬೇಡ ಅನ್ನುತ್ತೇವೆ. ಡಾಕ್ಟರನ್ನು ಕೇಳಿಯೇ ಮುಂದುವರಿಯಲಿ. ಅಲ್ಲಿಯವರೆಗೆ ಸಿಂಹ ನಗೆ ಬಿಟ್ಟು ನಮಸ್ತೆ ನಗೆ, ಮೌನ ನಗೆಯಲ್ಲಿ ನಿಧಾನಕ್ಕೆ ಸೇರಲಿ.

ಧಾರವಾಡದಾಕಿ

ತಂಗಿ, ಆ ಕೂಟದಾಗ ನಮ್ಮ ಕಡೆ ಮಂದಿ ಯಾರರ ಅದಾರೇನು ಕೇಳವಾ. ಅಪ್ಪಾರಿಗೆ ತಿರುಗಿ ಅನ್ನಾವ್ರು ಒಬ್ಬರು ಬೇಕು.

ರಾಣೆಬೆನ್ನೂರಿನಾಕೆ

ಇದ್ದಾರೆ ಅಕ್ಕ, ಗದಗಿನವರೊಬ್ಬರು. ಡಾಕ್ಟರ್ ಹೇಳಿದಂತೆ ಅಪ್ಪ ಈಗ ಜೋರು ನಗೆ ಬಿಟ್ಟಿದ್ದಾರೆ, ಟೀ ಬಿಟ್ಟಿಲ್ಲ. ಆ ಕಾಕಾ ನಿನ್ನೆ 'ನಿಮ್ಮ ಕಡೆ ಬ್ಯಾಡಗಿ ಮೆಣಸಿನಕಾಯಿ ನೋಡಾಕಷ್ಟ ಕೆಂಪ, ಖಾರನ ಇಲ್ಲ' ಅಂದರಂತೆ. ಅಪ್ಪ 'ನಿಮ್ಮೂರಾಗ ನೀರ ಬಂದ ದಿನ ಹೋಳಿಗಿ ಮಾಡತೀರಲ್ಲ, ನಾ ಏನರ ಅಂದೇನು?' ಅಂದರಂತೆ. ನಾಳೆಗೆ ಅವರು ಏನು ಅಂದರೆ ಇವರು ಏನು ಅನ್ನಬೇಕು ಅಂತ ಈಗ ನನ್ನ ಹತ್ತಿರ ಕೂತು ತಯಾರಿ ಮಾಡಿಕೊಳ್ಳುತ್ತಿದ್ದಾರೆ.